ಯಾವ ಪ್ಯಾಕು ಕಿಸೆಯಲ್ಲಿರಬೇಕು? ಎದುರಿನವರ ಕೈಗೆ ಎಲೆ ಕೊಡುವ ಜಾದೂ ಮತ್ತು ಅದರ ಚರ್ಚೆ

ಉಡುಪಿ ಕಡೆಯ ಮೆಹಂದಿ ಮನೆಯಲ್ಲೋ, ಕಾರ್ಕಳದ ಒಂದು ಕ್ರೈಸ್ತ ಮದುವೆಮನೆಯ ರೋಸ್ ಸಮಾರಂಭದಲ್ಲೋ ಜಾದೂಗಾರ ಮೇಜಿನ ಬಳಿ ಬಂದು ಇಸ್ಪೀಟು ತೆಗೆದನೆಂದರೆ ಗುಂಪಿನಲ್ಲಿ ಒಬ್ಬರಾದರೂ ಕೈ ಚಾಚಿಯೇ ಚಾಚುತ್ತಾರೆ: "ಇಲ್ಲಿ ಕೊಡಿ ಮಾರಾಯ್ರೆ, ನಾನೊಮ್ಮೆ ಕಲಸ್ತೇನೆ." ರಮ್ಮಿ, ಕತ್ತೆ, ಇಪ್ಪತ್ತೆಂಟು ಆಡಿ ಬೆಳೆದ ಊರು ಇದು. ಎಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಆ ಚಾಚಿದ ಕೈಗೆ ಪ್ಯಾಕು ಕೊಡಬಹುದೇ, ಕೊಟ್ಟರೆ ಯಾವ ಪ್ಯಾಕು, ಕೊಡದಿದ್ದರೆ ಯಾವ ಮಾತು ಹೇಳಿ ತಪ್ಪಿಸಿಕೊಳ್ಳಬೇಕು ಎಂಬುದು ಹತ್ತಿರದ ಜಾದೂ ಮಾಡುವವರೆಲ್ಲರ ಮೊದಲ ಚಿಂತೆ.

ವೇದಿಕೆಯ ಜಾದೂಗೆ ಈ ಚಿಂತೆ ಅಷ್ಟಿಲ್ಲ. ಉಡುಪಿಯ ಪ್ರೊ. ಶಂಕರ್, ಕುಂದಾಪುರ ಕಡೆಯ ಸತೀಶ್ ಹೆಮ್ಮಾಡಿ, ಮಂಗಳೂರಿನ ಕುದ್ರೋಳಿ ಗಣೇಶ್ ಇಂಥವರಿಂದ ಕರಾವಳಿಯ ಜನ ದೊಡ್ಡ ಪ್ರದರ್ಶನಗಳನ್ನು ನೋಡಿದ್ದಾರೆ. ಅಲ್ಲಿ ಪ್ರೇಕ್ಷಕ ದೂರ, ಬೆಳಕು ಜಾದೂಗಾರನ ಹಿಡಿತದಲ್ಲಿ. ಮೊಣಕೈ ತಾಗುವ ದೂರದಲ್ಲಿ ನಿಂತು, ಎದುರಿನವರಿಂದಲೇ ಎಲೆ ಆರಿಸಿ, ಕಲಸಿ, ಸಹಿ ಹಾಕಿಸಿ ಮಾಡುವ ಆಟದ ಕಷ್ಟವೇ ಬೇರೆ. ಮಣಿಪಾಲದ ಹಾಸ್ಟೆಲುಗಳಲ್ಲಿ, ಕಾಪು ಕಡಲತೀರದಲ್ಲಿ, ಮದುವೆ ಹಾಲ್‌ಗಳಲ್ಲಿ ಈ ಬಗೆಯ ಜಾದೂ ಕಲಿಯಲು ಹೊರಟ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದನ್ನೇ: ಸಾದಾ ಪ್ಯಾಕು ಸಾಕೇ, ಅಥವಾ ಒಳಗೇ ತಂತ್ರವಿರುವ ಜಾದೂ ಪ್ಯಾಕು ಕೊಳ್ಳಬೇಕೇ?

ಉತ್ತರ ಒಂದಿಲ್ಲ. ಶತಮಾನಗಳಿಂದ ಇದರ ಮೇಲೆ ಬಣಗಳಿವೆ. ಪ್ರತಿ ಬಣದ ಕೈಯಲ್ಲೂ ಒಂದು ಸತ್ಯವಿದೆ.

ಹಳೆಯ ಜಗಳ

ಇಸ್ಪೀಟಿನ ಗುಟ್ಟುಗಳನ್ನು ವಿವರಿಸಿದ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು 1584ರದ್ದು, ರೆಜಿನಾಲ್ಡ್ ಸ್ಕಾಟ್ ಬರೆದದ್ದು. ಮಾಟಗಾತಿಯರೆಂದು ಹೆಂಗಸರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ಕಣ್ಣೆದುರು ಕಂಡ ವಿಚಿತ್ರಗಳೆಲ್ಲ ದೆವ್ವದ ಕೆಲಸವಲ್ಲ, ಕೈಚಳಕವೂ ಇರಬಹುದು ಎಂದು ತೋರಿಸಲು ಆತ ಗುಟ್ಟುಗಳನ್ನು ಬಿಚ್ಚಿಟ್ಟ. ಇಸ್ಪೀಟಿನ ಆಟಗಳೂ ಅದರಲ್ಲಿವೆ. ಮುಂದೆ 1861ರಲ್ಲಿ ಫ್ರಾನ್ಸಿನ ಜಾದೂಗಾರ ರಾಬೇರ್ ಊದ್ಯಾಂ ಜೂಜಿನ ಮೋಸಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಒಂದು ತುದಿಗೆ ಕೊಂಚ ಸಣ್ಣದಾಗುವಂತೆ ಅಂಚು ಸವರಿದ ಎಲೆಗಳ ವಿವರಣೆ ಅದರಲ್ಲಿದೆ. ಅಂದರೆ ಇಂದು ಜಾದೂ ಅಂಗಡಿಯಲ್ಲಿ ಮಕ್ಕಳಿಗೆ ಮಾರುವ 'ಸ್ಟ್ರಿಪ್ಪರ್' ಪ್ಯಾಕು ಜೂಜುಕೋರರ ಕೈಯಿಂದ ಬಂದ ಉಪಕರಣ.

ಹತ್ತಿರದ ಜಾದೂಗೆ ಮರ್ಯಾದೆಯ ಜಾಗ ಕೊಟ್ಟವನು ವಿಯೆನ್ನಾದ ಹಾಫ್‌ಸಿನ್ಸರ್ (1806–1875). ಹಗಲು ಸರ್ಕಾರಿ ನೌಕರಿ, 1857ರಿಂದ ಸಂಜೆ ಮನೆಯ ಪಡಸಾಲೆಯಲ್ಲಿ ಸಣ್ಣ ಗುಂಪಿಗೆ ಆಟ. ಕೈಚಳಕದಲ್ಲಿ ನಿಪುಣನಾಗಿದ್ದ ಈತ ವಿಶೇಷವಾಗಿ ಮಾಡಿಸಿದ ಎಲೆಗಳನ್ನೂ ಸಂಕೋಚವಿಲ್ಲದೆ ಬಳಸುತ್ತಿದ್ದ. 'ಕೈಯೋ ಉಪಕರಣವೋ' ಎಂಬ ಜಗಳದಲ್ಲಿ ಎರಡೂ ಬಣದವರು ಅವನನ್ನು ತಮ್ಮವನೆನ್ನುವುದು ಇದರಿಂದಲೇ.

20ನೆಯ ಶತಮಾನದ ಮೊದಲ ದಶಕ ಜಗಳವನ್ನು ಹರಿತಗೊಳಿಸಿತು. 1902ರಲ್ಲಿ ಅಮೆರಿಕದಲ್ಲಿ ಎರ್ಡ್‌ನೇಸ್ ಎಂಬ ಗುಪ್ತನಾಮದಲ್ಲಿ ಬಂದ ಪುಸ್ತಕ ಸಾದಾ ಪ್ಯಾಕಿನ ಕೈಕೆಲಸವನ್ನು ಶಾಸ್ತ್ರದಂತೆ ಬರೆಯಿತು. ಬರೆದವನಾರೆಂಬುದು ಇಂದಿಗೂ ಖಚಿತವಿಲ್ಲ. ಕೆಲವೇ ವರ್ಷಗಳಲ್ಲಿ, 1909ರ ಹೊತ್ತಿಗೆ, ಬರ್ಲಿಂಗ್ ಹಲ್ ಎಂಬಾತ 'ಸ್ವೆಂಗಾಲಿ' ಪ್ಯಾಕನ್ನು ತನ್ನದೆಂದು ಮಾರುಕಟ್ಟೆಗೆ ತಂದ. 1894ರ ಒಂದು ಕಾದಂಬರಿಯ ಸಮ್ಮೋಹನಕಾರನ ಹೆಸರದು. ಹೀಗೆ ಒಂದು ಕಡೆ ವರ್ಷಗಟ್ಟಲೆ ಅಭ್ಯಾಸ, ಇನ್ನೊಂದು ಕಡೆ ಪೆಟ್ಟಿಗೆ ಬಿಚ್ಚಿದ ದಿನವೇ ಆಟ. ಇಂದಿನ ವಾದಗಳೆಲ್ಲ ಈ ಎರಡು ದಾರಿಗಳ ನಡುವಿನವೇ.

ಪ್ಯಾಕುಗಳ ಒಳಗೇನಿದೆ

ಗುಟ್ಟು ಎಷ್ಟು ಹೇಳಬೇಕು ಎಂಬುದೇ ಒಂದು ವಿವಾದ. ಪ್ಯಾಕಿನ ಜತೆ ಬರುವ ಚೀಟಿಯಲ್ಲಿ ಇರುವಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಅಷ್ಟಿಲ್ಲದೆ ಆಯ್ಕೆಯ ಮಾತೇ ಆಡಲಾಗದು.

ಸ್ವೆಂಗಾಲಿಯಲ್ಲಿ ಅರ್ಧದಷ್ಟು ಎಲೆಗಳು ಬೇರೆಬೇರೆ, ಉಳಿದರ್ಧ ಎಲ್ಲವೂ ಒಂದೇ ಎಲೆ, ಉದಾಹರಣೆಗೆ ಕಳಾವರ್ ಏಳು. ಆ ಒಂದೇ ಬಗೆಯವು ಉಳಿದವುಗಳಿಗಿಂತ ಮಿಲಿಮೀಟರಿನಷ್ಟೂ ಇಲ್ಲದ ಗಿಡ್ಡ. ಒಂದು ಬಿಟ್ಟು ಒಂದು ಜೋಡಿಸಿದ್ದರಿಂದ, ಹೆಬ್ಬೆರಳಿನಿಂದ ಸರಸರನೆ ಬಿಟ್ಟಾಗ ಬೇರೆಬೇರೆ ಎಲೆಗಳೇ ಕಾಣುತ್ತವೆ. ಬೆರಳಿಟ್ಟು ನಿಲ್ಲಿಸಿದಲ್ಲಿ ಮಾತ್ರ ಯಾವಾಗಲೂ ಕಳಾವರ್ ಏಳು. ನೋಡಲು ಸೊಗಸು, ಕಲಿಯಲು ಸುಲಭ. ಆದರೆ ಎದುರಿನವರು ಎಲೆಗಳನ್ನು ಬೀಸಣಿಗೆಯಂತೆ ಹರಡಿದರೆ ಆಟ ಮುಗಿಯಿತು. 'ಮೆನೆ ಟೆಕೆಲ್' ಇದರ ತಮ್ಮ. ಅದರಲ್ಲಿ 26 ಬೇರೆಬೇರೆ ಜೋಡಿಗಳು, ಪ್ರತಿ ಜೋಡಿಯಲ್ಲಿ ಒಂದು ಗಿಡ್ಡ. ಹೀಗಾಗಿ ಪ್ರತಿಸಲ ಬೇರೆ ಎಲೆ ಬರುತ್ತದೆ, ಒಂದೇ ಮೇಜಿನಲ್ಲಿ ಇಬ್ಬರಿಗೆ ಮಾಡಬಹುದು. ಅಂಗಡಿಯವರು ಇದನ್ನು ಕಡಿಮೆ ತೋರಿಸುತ್ತಾರೆ, ಸ್ವೆಂಗಾಲಿಯ ಝಗಮಗ ಇದಕ್ಕಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ನಾನು ಮೆನೆ ಟೆಕೆಲ್ ಎನ್ನುತ್ತೇನೆ.

ಸ್ಟ್ರಿಪ್ಪರಿನ ಗುಣ ಬೇರೆ. ಅದರಲ್ಲಿ 52 ಎಲೆಗಳೂ ಸರಿಯಾಗಿಯೇ ಇರುತ್ತವೆ. ಮುಖ ತೋರಿಸಬಹುದು, ಎಣಿಸಬಹುದು, ಎದುರಿನವರೇ ಕಲಸಬಹುದು. ಅಂಚು ಮಾತ್ರ ಒಂದು ತುದಿಗೆ ಕಿರಿದು. ಆರಿಸಿದ ಎಲೆ ಒಳಗೆ ಹೋಗುವಾಗ ಪ್ಯಾಕು ತಿರುಗಿರಬೇಕು, ಅಷ್ಟೇ. ಆಮೇಲೆ ಎಷ್ಟು ಕಲಸಿದರೂ ಬೆರಳಿಗೆ ಆ ಎಲೆ ಸಿಗುತ್ತದೆ. ಎದುರಿನವರು ಕಲಸುವಾಗ ಅರ್ಧ ಪ್ಯಾಕನ್ನು ತಿರುಗಿಸಿ ಸೇರಿಸಿದರೆ ಕೆಡುತ್ತದೆ. ನಮ್ಮ ಊರಿನವರು ಸಾಮಾನ್ಯವಾಗಿ ಮೇಲಿನಿಂದ ಕಂತೆಕಂತೆಯಾಗಿ ಜಾರಿಸಿ ಕಲಸುವುದರಿಂದ ಆ ಅಪಾಯ ಕಡಿಮೆ.

'ಇನ್ವಿಸಿಬಲ್' ಪ್ಯಾಕಿನ ಮೂಲ 1936ರಲ್ಲಿ ಜೋ ಬರ್ಗ್ ಹೊರತಂದ 'ಅಲ್ಟ್ರಾ ಮೆಂಟಲ್'. ಎದುರಿನವರು ಮನಸ್ಸಿಗೆ ಬಂದ ಎಲೆ ಹೇಳುತ್ತಾರೆ. ಪ್ಯಾಕು ಹರಡಿದಾಗ ಅದೊಂದೇ ತಿರುಗಿ ಮಲಗಿರುತ್ತದೆ. ಎರಡೆರಡು ಎಲೆಗಳು ಹಗುರವಾಗಿ ಒಂದನ್ನೊಂದು ಹಿಡಿದು ನಿಲ್ಲುವಂತೆ ಬೆನ್ನಿಗೆ ಒರಟು ಲೇಪ ಹಚ್ಚಿರುತ್ತಾರೆ. ಜಾದೂಗಾರ ಡೈ ವರ್ನನ್ 1938ರಲ್ಲಿ ಪ್ರಕಟಿಸಿದ 'ಬ್ರೇನ್‌ವೇವ್' ಇದೇ ತತ್ವದ್ದು, ಜತೆಗೆ ತಿರುಗಿದ ಎಲೆಯ ಬೆನ್ನಿನ ಬಣ್ಣವೂ ಬೇರೆ. ಈ ಎರಡನ್ನೂ ಯಾರ ಕೈಗೂ ಕೊಡುವಂತಿಲ್ಲ.

ಇನ್ನು ಗುರುತಿನ ಪ್ಯಾಕು. ಬೆನ್ನಿನ ಚಿತ್ರದಲ್ಲೇ ಎಲೆಯ ಹೆಸರು ಅಡಗಿರುತ್ತದೆ. ಕಲಸಲಿ, ಎಣಿಸಲಿ, ಕಿಸೆಯಲ್ಲಿಟ್ಟುಕೊಳ್ಳಲಿ, ಅದಕ್ಕೇನೂ ಆಗದು. ಓದುವ ಕಣ್ಣು ಬೇಕು, ಓದುತ್ತಿದ್ದೇನೆಂದು ಗೊತ್ತಾಗದ ಮುಖ ಬೇಕು. ಎಲ್ಲವೂ ಒಂದೇ ಎಲೆಯಾಗಿರುವ ಪ್ಯಾಕನ್ನು ಹತ್ತಿರದ ಜಾದೂಗೆ ನಾನಂತೂ ಎಣಿಸುವುದೇ ಇಲ್ಲ.

ಕೈಯೇ ಸಾಕು ಎನ್ನುವವರು

ಈ ಬಣದ ವಾದ ನೇರ. ಎದುರಿನವರು ಕೊಟ್ಟ ಪ್ಯಾಕಿನಲ್ಲಿ ಮಾಡಲಾಗದ ಆಟ ಜಾದೂಗಾರನದ್ದಲ್ಲ, ಅಂಗಡಿಯದ್ದು. ಕಾರ್ಕಳದ ಒಂದು ಮನೆಯಲ್ಲಿ ಊಟವಾದ ಮೇಲೆ ಯಜಮಾನರು ಕಪಾಟಿನಿಂದ ತಮ್ಮದೇ ಹಳೆಯ ಇಸ್ಪೀಟು ತೆಗೆದು "ಇದರಲ್ಲಿ ಮಾಡಿ ನೋಡುವ" ಎಂದರೆ? ಆ ಮಾತಿಗೆ ಜಾದೂ ಪ್ಯಾಕಿನಲ್ಲಿ ಉತ್ತರವಿಲ್ಲ. ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಎರಡೂಕಾಲು ಇಂಚು ಅಗಲದ, ನುಣುಪು ಲೇಪದ ಭಾರತೀಯ ಪ್ಯಾಕು. ಜಾದೂ ಪ್ಯಾಕುಗಳು ಬರುವುದು ಹೆಚ್ಚಾಗಿ ಎರಡೂವರೆ ಇಂಚಿನ ಅಮೆರಿಕನ್ 'ಬೈಸಿಕಲ್' ಅಳತೆಯಲ್ಲಿ. ಅದರ ಬೆನ್ನಿನ ಚಿತ್ರ 1887ರಿಂದಲೂ ಹೆಚ್ಚು ಬದಲಾಗಿಲ್ಲ. ಅಲ್ಲಿ ಅದು ಎಲ್ಲರ ಮನೆಯ ಪ್ಯಾಕು, ಹಾಗಾಗಿ ಯಾರಿಗೂ ಅನುಮಾನ ಬಾರದು. ಇಲ್ಲಿ ಅದೇ ಪ್ಯಾಕು ಕಂಡ ಕೂಡಲೇ "ಇದೇನೋ ಸ್ಪೆಷಲ್" ಎಂಬ ಭಾವ ಮೂಡುತ್ತದೆ. ಪುಸ್ತಕ, ವಿಡಿಯೊಗಳಲ್ಲಿ ಬರುವ ಸಲಹೆಗಳು ಈ ವ್ಯತ್ಯಾಸವನ್ನು ಗಮನಿಸುವುದೇ ಇಲ್ಲ.

ಸಾದಾ ಪ್ಯಾಕಿನಲ್ಲಿ ಏನು ಸಾಧ್ಯ ಎಂಬುದಕ್ಕೆ ವಿಜ್ಞಾನದ ಸಾಕ್ಷಿಯೂ ಇದೆ. ಕೆನಡಾದಲ್ಲಿ ಜೇ ಓಲ್ಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜಾದೂಗಾರ ಎಲೆಗಳನ್ನು ಸರಸರನೆ ಬಿಡುತ್ತಾ ಒಂದು ಎಲೆ ಮಾತ್ರ ಕೊಂಚ ಹೆಚ್ಚು ಹೊತ್ತು ಕಾಣುವಂತೆ ಮಾಡಿದ. ಸುಮಾರು 98% ಜನ ಅದನ್ನೇ ಆರಿಸಿದರು. ತಾವೇ ಸ್ವತಂತ್ರವಾಗಿ ಆರಿಸಿದೆವೆಂದೇ ಅವರಲ್ಲಿ ಬಹುಪಾಲು ಜನ ನಂಬಿದ್ದರು. ಸ್ವೆಂಗಾಲಿ ಮಾಡುವ ಕೆಲಸವನ್ನು ಇಲ್ಲಿ ಬರೀ ಬೆರಳು ಮಾಡಿದೆ.

ಈ ಬಣ ಹೇಳದೆ ಬಿಡುವ ಸಂಗತಿಯೊಂದಿದೆ. ಕೈಚಳಕದಲ್ಲಿ ಮುಳುಗಿದವನ ಕಣ್ಣು ತನ್ನ ಕೈಯ ಮೇಲೇ ಇರುತ್ತದೆ, ಎದುರು ಕೂತ ಅಜ್ಜಿಯ ಮುಖದ ಮೇಲಲ್ಲ. ಮಾತು ತಪ್ಪುತ್ತದೆ, ಆಟ ಒಣಗುತ್ತದೆ. ಅಭ್ಯಾಸ ಹಣ್ಣಾಗುವವರೆಗೆ ಜನ ನೋಡುವುದು ಜಾದೂವನ್ನಲ್ಲ, ಶ್ರಮವನ್ನು.

ಕ್ರಮ ಮತ್ತು ಲೆಕ್ಕ

ಮೂರನೆಯ ಬಣಕ್ಕೆ ಉಪಕರಣವೂ ಬೇಡ, ಕೈಚಳಕವೂ ಅಷ್ಟು ಬೇಡ. ಎಲೆಗಳ ಕ್ರಮ ಸಾಕು. ಸೈ ಸ್ಟೆಬಿನ್ಸ್ ಹೆಸರಿನ ಜೋಡಣೆಯಲ್ಲಿ ಪ್ರತಿ ಎಲೆ ಹಿಂದಿನದಕ್ಕಿಂತ 3 ಹೆಚ್ಚು, ಜಾತಿಗಳು ಸರದಿಯಂತೆ ಸುತ್ತುತ್ತವೆ. ಒಂದು ಕಂಡರೆ ಮುಂದಿನದು ಗೊತ್ತು. ಸ್ಪೇನಿನ ಜಾದೂಗಾರ ಹ್ವಾನ್ ತಮಾರಿಸ್ 52 ಎಲೆಗಳ ಕ್ರಮವನ್ನೇ ಬಾಯಿಪಾಠ ಮಾಡಿಸುವ ದಾರಿ ತೋರಿಸಿದ. ಗಣಿತಜ್ಞ ನಾರ್ಮನ್ ಗಿಲ್‌ಬ್ರೆತ್ 1958ರಲ್ಲಿ ಪ್ರಕಟಿಸಿದ ತತ್ವವಂತೂ ಬೆರಗಿನದು. ಕೆಂಪು ಕಪ್ಪು ಒಂದಾದ ಮೇಲೊಂದು ಜೋಡಿಸಿದ ಪ್ಯಾಕಿನಿಂದ ಅರ್ಧದಷ್ಟು ಎಲೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹಾಕಿ, ಎರಡು ಭಾಗಗಳನ್ನು ಎದುರಿನವರೇ ಒಂದರೊಳಗೊಂದು ಹೆಣೆದು ಕಲಸಿದರೂ, ಮೇಲಿನಿಂದ ಎರಡೆರಡು ತೆಗೆದರೆ ಪ್ರತಿ ಜೋಡಿಯಲ್ಲಿ ಒಂದು ಕೆಂಪು, ಒಂದು ಕಪ್ಪು.

ಮಣಿಪಾಲದ ಇಂಜಿನಿಯರಿಂಗ್ ಹುಡುಗರ ನಡುವೆ ಇಂಥ ಆಟಗಳು ಚೆನ್ನಾಗಿ ನಿಲ್ಲುತ್ತವೆ. ಲೆಕ್ಕ ಗೊತ್ತಿದ್ದವರಿಗೂ ಅಚ್ಚರಿಯಾಗುವ ಲೆಕ್ಕ ಅದು. 52 ಎಲೆಗಳನ್ನು ಜೋಡಿಸುವ ರೀತಿಗಳ ಸಂಖ್ಯೆ ಸುಮಾರು 8ರ ಮುಂದೆ 67 ಸೊನ್ನೆ. ಆಯ್ಕೆಯ ಗಣಿತ ಕನ್ನಡ ನಾಡಿಗೆ ಹೊಸದೂ ಅಲ್ಲ. 9ನೆಯ ಶತಮಾನದಲ್ಲಿ ಅಮೋಘವರ್ಷನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬ ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದ.

ಕ್ರಮದ ಆಟಗಳಲ್ಲಿ ಕಲಸುವ ರೀತಿ ಮುಖ್ಯವಾಗುತ್ತದೆ. ಹದಿಹರೆಯದಲ್ಲಿ ಮನೆ ಬಿಟ್ಟು ಡೈ ವರ್ನನ್ ಜತೆ ಊರೂರು ಸುತ್ತಿ, ಆಮೇಲೆ ದೊಡ್ಡ ಗಣಿತಜ್ಞನಾದ ಪರ್ಸಿ ಡಯಾಕೋನಿಸ್, ಡೇವ್ ಬೇಯರ್ ಜತೆ 1992ರಲ್ಲಿ ತೋರಿಸಿದ್ದೇನೆಂದರೆ, ಎರಡು ಭಾಗಗಳನ್ನು ಹೆಣೆಯುವಂತೆ ಕಲಸಿದರೆ ಸುಮಾರು 7 ಸಲಕ್ಕೆ ಪ್ಯಾಕು ನಿಜವಾಗಿ ಬೆರೆಯುತ್ತದೆ. ಮೇಲಿನಿಂದ ಕಂತೆಕಂತೆಯಾಗಿ ಜಾರಿಸುವ ರೀತಿಗೆ ಸಾವಿರಾರು ಸಲ ಬೇಕು. ಜಗತ್ತಿನ ಜಾದೂಗಾರರು 'ಹಿಂದೂ ಶಫಲ್' ಎಂದು ಕರೆಯುವ, ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಕಲಸುವಿಕೆ ಎರಡನೆಯ ಬಗೆಗೆ ಹತ್ತಿರ. ನಾಲ್ಕಾರು ಸಲ ಹಾಗೆ ಕಲಸಿದ ಪ್ಯಾಕಿನಲ್ಲಿ ಅಕ್ಕಪಕ್ಕದ ಎಲೆಗಳ ದೊಡ್ಡ ಸಾಲುಗಳು ಹಾಗೇ ಉಳಿದಿರುತ್ತವೆ. ಪೂರ್ತಿ ಕ್ರಮ ಮುರಿದರೂ ನೆರೆಹೊರೆ ಮುರಿಯುವುದಿಲ್ಲ. ನೆರೆಯ ಎಲೆಯನ್ನೇ ಗುರುತಾಗಿಟ್ಟುಕೊಳ್ಳುವ ಆಟಗಳಿಗೆ ಉಡುಪಿಯ ಮೇಜು ಒಳ್ಳೆಯ ಮೇಜು. ಗಿಲ್‌ಬ್ರೆತ್ ಆಟಕ್ಕೆ ಮಾತ್ರ ಹೆಣೆಯುವಂತೆ ಕಲಸಬಲ್ಲವರು ಬೇಕು.

ಒಂದೇ ಒಂದು ಕಳ್ಳ ಎಲೆ

1922ರಲ್ಲಿ ಶಿಕಾಗೋದಲ್ಲಿ ವರ್ನನ್ ಹೂಡಿನಿಯನ್ನು ಬೆಪ್ಪುಗೊಳಿಸಿದ ಕತೆ ಪ್ರಸಿದ್ಧ. ಯಾವ ಆಟವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳುತ್ತೇನೆಂದು ಹೂಡಿನಿ ಹೇಳಿಕೊಳ್ಳುತ್ತಿದ್ದ. ಸಹಿ ಹಾಕಿದ ಎಲೆ ಮತ್ತೆ ಮತ್ತೆ ಮೇಲಕ್ಕೆ ಬಂತು, ಅವನಿಗೆ ತಿಳಿಯಲಿಲ್ಲ. ಸಾದಾ ಪ್ಯಾಕಿನ ನಡುವೆ ಎರಡೂ ಬದಿ ಬೆನ್ನಿನ ಚಿತ್ರವಿದ್ದ ಒಂದೇ ಎಲೆ ಅಲ್ಲಿ ಕೆಲಸ ಮಾಡಿತ್ತೆಂದು ಜಾದೂ ಚರಿತ್ರೆ ಬರೆದವರು ಹೇಳುತ್ತಾರೆ.

ನನ್ನ ಒಲವು ಇಂಥ ಒಂದೇ ಕಳ್ಳ ಎಲೆ ಸಾಕೆನ್ನುವ ಬಣದ ಕಡೆಗೆ. ಪ್ಯಾಕು ಪೂರ್ತಿ ಸಾದಾ, ಅದರಲ್ಲಿ ಒಂದು ಎಲೆ ಮಾತ್ರ ಬೇರೆ: ಒಂದು ಗಿಡ್ಡ ಎಲೆ, ಅಥವಾ ಎರಡು ಬೆನ್ನಿನದು. ಅದನ್ನು ಅಂಗೈಯಲ್ಲಿ ತೆಗೆದಿಟ್ಟು ಉಳಿದ ಪ್ಯಾಕನ್ನು "ತಗೊಳ್ಳಿ, ನೋಡಿ" ಎಂದು ಕೊಟ್ಟುಬಿಡಬಹುದು. ಎದುರಿನವರ ಸಹಿ ಇರುವ ಎಲೆ ಆಟದ ಕೊನೆಗೆ ಅವರ ಪರ್ಸಿನಲ್ಲೇ ಉಳಿಯುತ್ತದೆ. ಒಂದು ಗಿಡ್ಡ ಎಲೆಯನ್ನು ಯಾವುದೇ ಊರಿನ, ಯಾವುದೇ ಬ್ರ್ಯಾಂಡಿನ ಪ್ಯಾಕಿನಲ್ಲಿ ಉಗುರು ಕತ್ತರಿ, ಮರಳು ಕಾಗದ ಇದ್ದವನು ತಾನೇ ಮಾಡಿಕೊಳ್ಳಬಹುದು. ನಮ್ಮ ಮನೆಗಳ ಪ್ಯಾಕಿಗೇ ಹೊಂದುವ ತಂತ್ರ ಇದು.

ಈ ಒಲವಿಗೆ ನಾನೇ ಒಪ್ಪುವ ಒಂದು ದೊಡ್ಡ ಅಪವಾದವಿದೆ, ಅದು ಇನ್ವಿಸಿಬಲ್ ಪ್ಯಾಕು. ಅದನ್ನು ಮುಟ್ಟಲು ಕೊಡುವಂತಿಲ್ಲ ಎಂದೆ. ಆದರೂ ಎದುರಿನವರು ಅದರಲ್ಲಿ ಪಾಲ್ಗೊಳ್ಳುವಷ್ಟು ಬೇರೆ ಯಾವ ಪ್ಯಾಕಿನಲ್ಲೂ ಪಾಲ್ಗೊಳ್ಳುವುದಿಲ್ಲ. ಬರಿಗೈಯಲ್ಲಿ ಇಲ್ಲದ ಪ್ಯಾಕನ್ನು ಕೊಡುತ್ತೀರಿ. ಅವರು ಅದನ್ನು ಕಲಸುತ್ತಾರೆ, ಕಲಸುವಾಗ ಒಂದೆರಡು ಎಲೆ ನೆಲಕ್ಕೆ ಬೀಳಿಸಿ ಹೆಕ್ಕುತ್ತಾರೆ, ಒಂದನ್ನು ತಿರುಗಿಸಿ ಒಳಗಿಡುತ್ತಾರೆ, ಆಟೀನ್ ರಾಣಿ ಎನ್ನುತ್ತಾರೆ. ಆಗ ಕಿಸೆಯಿಂದ ನಿಜವಾದ ಪ್ಯಾಕು ಬರುತ್ತದೆ. ವೇಷ, ರಂಗಸ್ಥಳ ಯಾವುದೂ ಇಲ್ಲದೆ ಕೂತಲ್ಲೇ ಮಾತಿನಿಂದ ಕುರುಕ್ಷೇತ್ರ ಕಟ್ಟುವ ತಾಳಮದ್ದಳೆ ಕೇಳಿ ಬೆಳೆದ ನಮ್ಮ ಜನಕ್ಕೆ ಈ ಆಟದ ರುಚಿ ಹೇಳಿಕೊಡಬೇಕಿಲ್ಲ. ಹಾಗಾಗಿ ಪಾಲ್ಗೊಳ್ಳುವಿಕೆ ಎಂದರೆ ಎಲೆ ಯಾರ ಕೈಯಲ್ಲಿದೆ ಎಂಬುದಷ್ಟೇ ಅಲ್ಲ, ನಿರ್ಧಾರ ಯಾರ ಬಾಯಲ್ಲಿದೆ ಎಂಬುದೂ ಹೌದು. ಆಟದ ಯಾವ ಗಳಿಗೆಯಲ್ಲಿ ಎದುರಿನವರ ಕೈ ಬೇಕು, ಯಾವ ಗಳಿಗೆಯಲ್ಲಿ ಅವರ ಮಾತು ಸಾಕು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಪ್ಯಾಕು ಆರಿಸಬೇಕು. ಅಂಗಡಿಯಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ಮಳೆ, ಗಾಳಿ, ಬೆಳಕು

ಜಾದೂ ಪುಸ್ತಕಗಳು ಹೆಚ್ಚಾಗಿ ಬರೆಯಲ್ಪಟ್ಟದ್ದು ನಮ್ಮಷ್ಟು ಮಳೆ ಬಾರದ ಊರುಗಳಲ್ಲಿ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಕಾಗದದ ಎಲೆಗಳ ಪಾಡು ಹೇಳಬೇಕಿಲ್ಲ. ಕಾಗದ ತೇವ ಹೀರಿ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ಎಲೆ ದೋಣಿಯಂತಾಗುತ್ತದೆ. ಇಡೀ ಪ್ಯಾಕು ಒಟ್ಟಿಗೆ ಹಿಗ್ಗುವುದರಿಂದ ಸ್ಟ್ರಿಪ್ಪರಿನ ಅಂಚಿನ ವ್ಯತ್ಯಾಸ ಅಳತೆಯಲ್ಲಿ ಉಳಿದಿರುತ್ತದೆ. ಆದರೆ ಎಲೆಗಳು ಬಾಗಿ, ಅಂಚು ಮೆತ್ತಗಾಗಿ, ಬೆರಳಿಗೆ ಅದು ಸಿಗುವುದು ಕಷ್ಟವಾಗುತ್ತದೆ. ಸ್ವೆಂಗಾಲಿಯ ಸರಸರ ಸದ್ದು ಮಂಕಾಗುತ್ತದೆ, ಎಲೆಗಳು ಎರಡೆರಡಾಗಿ ಬೀಳುವ ಬದಲು ಮುದ್ದೆಯಾಗಿ ಬೀಳುತ್ತವೆ.

ಮಳೆಗಾಲದಲ್ಲಿ ಅತಿ ಹೆಚ್ಚು ಸೋಲುವುದು ಇನ್ವಿಸಿಬಲ್ ಪ್ಯಾಕು. ಅದರ ಜೀವ ಇರುವುದು ಒರಟು ಬೆನ್ನು ಮತ್ತು ನುಣುಪು ಮುಖಗಳ ವ್ಯತ್ಯಾಸದಲ್ಲಿ. ತೇವ, ಬೆವರು ಸೇರಿದಾಗ ಎಲ್ಲ ಎಲೆಗಳೂ ಒಂದಕ್ಕೊಂದು ಅಂಟತೊಡಗುತ್ತವೆ, ಬೇರೆಯಾಗಬೇಕಾದದ್ದು ಬೇರೆಯಾಗುವುದಿಲ್ಲ. ಎಲೆ ಜಾರಲೆಂದು ಹಿಂದಿನ ಜಾದೂಗಾರರು ಹಚ್ಚುತ್ತಿದ್ದ ಜಿಂಕ್ ಸ್ಟಿಯರೇಟ್ ಪುಡಿಯನ್ನು ಇದಕ್ಕೆ ಹಾಕುವಂತಿಲ್ಲ, ಹಾಕಿದರೆ ಒರಟುತನವೇ ಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಶೂ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿಟ್ಟು, ಆಟದ ಹೊತ್ತಿಗಷ್ಟೇ ಹೊರತೆಗೆಯುವುದು ಉಳಿದ ದಾರಿ. ಪೂರ್ತಿ ಪ್ಲಾಸ್ಟಿಕ್ಕಿನ ಎಲೆಗಳಿಗೆ ತೇವದ ಭಯವಿಲ್ಲ. ಆದರೆ ಅವಕ್ಕೆ ಲೇಪ ಚೆನ್ನಾಗಿ ಹಿಡಿಯುವುದಿಲ್ಲ, ಹರಿದು ಮತ್ತೆ ಜೋಡಿಸುವ ಆಟವೂ ಆಗದು.

ಜಾಗದಿಂದ ಜಾಗಕ್ಕೂ ಆಯ್ಕೆ ಬದಲಾಗುತ್ತದೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಕೆಳಗೆ ಸಂಜೆ ಸೇರುವ ಜನರ ನಡುವೆ ಎಲೆ ಹರಡುವ ಆಟ ಯೋಚಿಸುವಂತೆಯೇ ಇಲ್ಲ. ಗಾಳಿಗೆ ಎಲೆ ಹಾರುತ್ತದೆ, ಮರಳು ಹೊಕ್ಕ ಪ್ಯಾಕು ಸತ್ತಂತೆ. ಅಲ್ಲಿ ಎಲೆ ಕೈಯಲ್ಲೇ ಇರುವ ಆಟಗಳು ಬೇಕು. ಜನವರಿಯ ಅತ್ತೂರು ಜಾತ್ರೆಯ ಜನಸಂದಣಿಯಲ್ಲಿ ಮೇಜಿಲ್ಲ, ನಾಲ್ಕೂ ಕಡೆಯಿಂದ ಕಣ್ಣು. ಎಲೆಯ ಕೋನ ಕಾಪಾಡಬೇಕಾದ ಕೈಚಳಕಕ್ಕಿಂತ ಗುರುತಿನ ಪ್ಯಾಕು ಅಲ್ಲಿ ಸುರಕ್ಷಿತ. ಅದೇ ಗುರುತಿನ ಪ್ಯಾಕು ಮೆಹಂದಿ ಮನೆಯ ಬಣ್ಣದ ಎಲ್‌ಇಡಿ ಕೆಳಗೆ ಕುರುಡಾಗುತ್ತದೆ. ಕೆಂಪು ಬೆಳಕಿನಲ್ಲಿ ಕೆಂಪು ಬೆನ್ನಿನ ಗೆರೆಗಳು ಬಿಳಿಯಲ್ಲಿ ಕರಗಿಹೋಗುತ್ತವೆ. ಗುರುತಿನ ಪ್ಯಾಕು ಕೊಳ್ಳುವವರು ನೀಲಿ ಬೆನ್ನಿನದನ್ನೇ ಕೊಳ್ಳುವುದು ಲೇಸು.

ಮೇಜಿನಿಂದ ಮೇಜಿಗೆ ಹೋಗುವವರಿಗೆ ಇನ್ನೊಂದು ಅಳತೆಯಿದೆ: ಒಂದು ಮೇಜು ಮುಗಿದು ಇನ್ನೊಂದಕ್ಕೆ ನಡೆಯುವಷ್ಟರಲ್ಲಿ ಪ್ಯಾಕು ಮತ್ತೆ ಸಿದ್ಧವಾಗಬೇಕು. ಸ್ಟ್ರಿಪ್ಪರ್, ಇನ್ವಿಸಿಬಲ್, ಗುರುತಿನ ಪ್ಯಾಕುಗಳು ಕೂಡಲೇ ಸಿದ್ಧ. ಕ್ರಮ ಜೋಡಿಸಿದ ಪ್ಯಾಕು ಒಮ್ಮೆ ಮುರಿದರೆ ಜೋಡಿಸಲು ಮೂಲೆ ಹುಡುಕಬೇಕು.

ಇಸ್ಪೀಟಿನ ಮೇಲಿನ ಅಪವಾದ

ಕರಾವಳಿಯಲ್ಲಿ ಇಸ್ಪೀಟಿಗೆ ಎರಡು ಮುಖ. ಮನೆಯ ಚಾವಡಿಯಲ್ಲಿ ಮಳೆಗಾಲ ಕಳೆಯುವ ಆಟ ಒಂದು. ಜಾತ್ರೆ, ಕೋಳಿ ಅಂಕಗಳ ಆಚೆ ಬದಿ ನಡೆಯುವ 'ಉಲಾಯಿ ಪಿದಾಯಿ' ಜೂಜು ಇನ್ನೊಂದು. ಪೊಲೀಸರು ದಾಳಿ ಮಾಡಿ ಎಲೆಗಳನ್ನು ವಶಪಡಿಸಿಕೊಂಡ ಸುದ್ದಿ ಜಿಲ್ಲೆಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹಾಗಾಗಿ ಕೆಲವು ಮನೆಗಳಲ್ಲಿ ಇಸ್ಪೀಟು ಒಳಗೆ ಬರುವಂತಿಲ್ಲ, ಶಾಲೆಗಳಲ್ಲಿ ಮಕ್ಕಳ ಕೈಗೆ ಕೊಡಲು ಮೇಷ್ಟರುಗಳು ಹಿಂಜರಿಯುತ್ತಾರೆ. ಈ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ. ಎಲೆಯ ಜೂಜಿನಲ್ಲಿ ಮನೆ ಕಳೆದುಕೊಂಡವರ ನೆನಪಿರುವ ಊರಿನಲ್ಲಿ ಅದು ಸುಮ್ಮನೆ ಬಂದ ಮಡಿವಂತಿಕೆಯಲ್ಲ.

ಪರಿಹಾರವಾಗಿ ಕೆಲವರು ಇಸ್ಪೀಟನ್ನೇ ಬಿಟ್ಟು ಚಿತ್ರದ ಎಲೆ, ಅಕ್ಷರದ ಎಲೆ, ವೃತ್ತ, ಅಲೆ, ನಕ್ಷತ್ರಗಳಿರುವ ಜೀನರ್ ಎಲೆಗಳತ್ತ ಹೋಗುತ್ತಾರೆ. ಇವುಗಳಲ್ಲೂ ಗಿಡ್ಡ ಎಲೆ, ಗುರುತು, ಕ್ರಮ ಎಲ್ಲ ನಡೆಯುತ್ತದೆ. ನಮ್ಮದೇ ಆದ ಇನ್ನೊಂದು ಎಲೆಯ ಪರಂಪರೆಯೂ ಇದೆ, ಗಂಜೀಫಾ. ದಶಾವತಾರ ಗಂಜೀಫಾದಲ್ಲಿ 10 ಜಾತಿ, ಒಂದೊಂದರಲ್ಲಿ 12, ಒಟ್ಟು 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಇದಕ್ಕೆ ದೊಡ್ಡ ಪೋಷಣೆ ಸಿಕ್ಕಿತು. ಉಡುಪಿ ಸೀಮೆಯಲ್ಲಿ ಹುಟ್ಟಿ ಮೈಸೂರು ಕಡೆ ನೆಲೆಸಿದ ರಘುಪತಿ ಭಟ್ಟರು ಆ ಚಿತ್ರಕಲೆಗೆ ಮತ್ತೆ ಉಸಿರು ಕೊಟ್ಟು, ಹೆಸರಿನ ಮುಂದೆಯೇ ಗಂಜೀಫಾ ಸೇರಿಸಿಕೊಂಡವರು. ಜಾದೂಗಾರನ ಕಣ್ಣಿಂದ ನೋಡಿದರೆ ಗಂಜೀಫಾ ಒಂದು ಸವಾಲು. ಎಲೆ ದುಂಡಗಿದೆ. ದುಂಡಗಿನ ಎಲೆಗೆ ಮೇಲು ತುದಿ, ಕೆಳ ತುದಿ ಇಲ್ಲ, ಆದ್ದರಿಂದ ಅಂಚು ಸವರಿದ ಸ್ಟ್ರಿಪ್ಪರ್ ಸಾಧ್ಯವೇ ಇಲ್ಲ. ಬೆನ್ನಿನ ಗುರುತು, ಕ್ರಮ, ದಪ್ಪದ ವ್ಯತ್ಯಾಸ ಇಂಥವು ಉಳಿಯುತ್ತವೆ. ಅವತಾರಗಳ ಕತೆ ಮಾತ್ರ ಪ್ರತಿ ಎಲೆಯ ಜತೆಗೂ ಸಿದ್ಧವಾಗಿರುತ್ತದೆ. ಕನ್ನಡದಲ್ಲಿ ಮಾತಾಡುತ್ತಾ ಆಡುವ ಜಾದೂಗೆ ಇದಕ್ಕಿಂತ ಶ್ರೀಮಂತ ಪ್ಯಾಕು ನನಗೆ ತಿಳಿಯದು.

ಮನಸ್ಸು ಓದುವ ಮಾತು

ಗುರುತಿನ ಪ್ಯಾಕು, ಇನ್ವಿಸಿಬಲ್ ಪ್ಯಾಕು ಎರಡೂ 'ನಿಮ್ಮ ಮನಸ್ಸಿನಲ್ಲಿರುವುದು ನನಗೆ ಗೊತ್ತು' ಎಂಬ ಮಾತಿನ ಮೇಲೆ ನಿಂತಿವೆ. ಈ ಮಾತು ಎಲ್ಲಿಯವರೆಗೆ ಆಟ? ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನ ಪಾಠ ಹೇಳುತ್ತಿದ್ದ ನರೇಂದ್ರ ನಾಯಕ್, ರಾಜ್ಯದುದ್ದಕ್ಕೂ ಸುತ್ತುವ ಹುಲಿಕಲ್ ನಟರಾಜ್ ಮುಂತಾದವರು ಪವಾಡಗಳ ಹಿಂದಿನ ತಂತ್ರವನ್ನು ಊರೂರಿನಲ್ಲಿ ಮಾಡಿ ತೋರಿಸಿ ವಿವರಿಸಿದ್ದಾರೆ. ಸ್ಕಾಟ್ 1584ರಲ್ಲಿ ಮಾಡಿದ ಕೆಲಸವೇ ಇದು. ಕರ್ನಾಟಕದಲ್ಲಿ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ 2017ರ ಕಾನೂನೂ ಇದೆ.

ಜಾದೂಗಾರರ ಒಂದು ಬಣ, ಗುಟ್ಟು ಹೇಳಿದರೆ ಕಲೆ ಉಳಿಯದು ಎನ್ನುತ್ತದೆ. ವಿಚಾರವಾದಿಗಳು, ಗುಟ್ಟು ಮುಚ್ಚಿಟ್ಟರೆ ಅದೇ ತಂತ್ರ ಮೋಸಗಾರನ ಕೈಯಲ್ಲಿ ಶಕ್ತಿಯಾಗುತ್ತದೆ ಎನ್ನುತ್ತಾರೆ. ಎರಡಕ್ಕೂ ಬೆಲೆ ಕೊಡುವ ದಾರಿ ನನಗೆ ಕಾಣುವುದು ಇಷ್ಟು: ಗುಟ್ಟು ಹೇಳಬೇಕಿಲ್ಲ, ಆದರೆ ಇದು ಕಲಿತ ವಿದ್ಯೆ ಎಂದು ಹೇಳಲೇಬೇಕು. ಆಟ ನೋಡಿದ ತಾಯಿಯೊಬ್ಬರು ಪಕ್ಕಕ್ಕೆ ಕರೆದು "ಮಗನ ಮನಸ್ಸಲ್ಲಿ ಏನಿದೆ ಹೇಳಿ" ಎಂದು ಕೇಳಿದರೆ, ಆ ಗಳಿಗೆಯಲ್ಲಿ ಸುಮ್ಮನಿರುವುದೂ ಸುಳ್ಳೇ.

ಇನ್ನೂ ತೀರ್ಮಾನವಾಗದ್ದು

ಎದುರಿನವರು ಪ್ಯಾಕನ್ನು ಪರೀಕ್ಷಿಸಬೇಕೇ ಎಂಬುದು ಮೊದಲನೆಯದು. ಕೈಗೆ ಕೊಟ್ಟರೆ ನಂಬಿಕೆ ಹೆಚ್ಚುತ್ತದೆ ಎನ್ನುವವರಿದ್ದಾರೆ. ಕೊಡುವುದೇ 'ಇದರಲ್ಲೇನೋ ಇರಬಹುದಿತ್ತು' ಎಂಬ ಅನುಮಾನವನ್ನು ಹುಟ್ಟಿಸುತ್ತದೆ ಎನ್ನುವವರೂ ಇದ್ದಾರೆ. ನೋಡುವವರ ಮನಸ್ಸನ್ನು ಅಳೆದ ಪ್ರಯೋಗಗಳು ಹೆಚ್ಚಾಗಿ ಪಶ್ಚಿಮದ ವಿದ್ಯಾರ್ಥಿಗಳ ಮೇಲೆ ನಡೆದವು. ಎಲೆ ಕಂಡಲ್ಲಿ ಕೈ ಚಾಚುವ ನಮ್ಮ ಚಾವಡಿಯ ಪ್ರೇಕ್ಷಕರಿಗೆ ಅವು ಎಷ್ಟು ಹೊಂದುತ್ತವೆ ಎಂದು ಅವುಗಳಿಂದ ಹೇಳಲಾಗದು. ಮಣಿಪಾಲದಲ್ಲಿ ಮನಶ್ಶಾಸ್ತ್ರ ಓದುವವರು ಕೈ ಹಾಕಬೇಕಾದ ಕೆಲಸವಿದು.

ಕಲಿಯುವವನಿಗೆ ಮೊದಲು ಜಾದೂ ಪ್ಯಾಕು ಕೊಡಬೇಕೇ, ಸಾದಾ ಪ್ಯಾಕೇ ಎಂಬುದು ಎರಡನೆಯದು. ಸ್ವೆಂಗಾಲಿ ಹಿಡಿದ ಹುಡುಗನಿಗೆ ಮೊದಲ ದಿನವೇ ಜನರ ಬೆರಗು ಸಿಗುತ್ತದೆ, ಜನರೊಂದಿಗೆ ಮಾತಾಡಲು ಧೈರ್ಯ ಬರುತ್ತದೆ. ಆದರೆ ಹಲವರು ಅಲ್ಲೇ ನಿಂತುಬಿಡುತ್ತಾರೆ. ಸಾದಾ ಪ್ಯಾಕು ಹಿಡಿದವರಲ್ಲಿ ಬೆರಗು ಸಿಗುವ ಮೊದಲೇ ಬಿಟ್ಟುಹೋಗುವವರು ಹಲವರು. ಎರಡು ನಷ್ಟಗಳಲ್ಲಿ ಯಾವುದು ಕಡಿಮೆ ಎಂಬುದನ್ನು ಯಾವ ಗುರುವೂ ಇನ್ನೂ ಖಚಿತವಾಗಿ ಹೇಳಿಲ್ಲ.

ಗುಟ್ಟುಗಳೆಲ್ಲ ಮೊಬೈಲಿನಲ್ಲಿ ಸಿಗುವ ಕಾಲದಲ್ಲಿ ಹೆಸರುವಾಸಿ ಜಾದೂ ಪ್ಯಾಕುಗಳ ಆಯುಸ್ಸು ಎಷ್ಟು ಎಂಬುದೂ ತೆರೆದೇ ಇದೆ. ಮಣಿಪಾಲದ ಹಾಸ್ಟೆಲಿನಲ್ಲಿ ಸ್ವೆಂಗಾಲಿ ತೆಗೆದರೆ ಹೆಸರು ಹಿಡಿದೇ ಕರೆಯುವ ವಿದ್ಯಾರ್ಥಿ ಸಿಕ್ಕಾನು. ಕಾರ್ಕಳದ ಹಳ್ಳಿಮನೆಯಲ್ಲಿ ಅದು ಇನ್ನೂ ಹೊಸದು. ಹಾಗಿದ್ದರೆ ಮಾರುಕಟ್ಟೆಯ ಪ್ಯಾಕಿನ ಬದಲು ಪ್ರತಿಯೊಬ್ಬರೂ ತಮ್ಮದೇ ಪ್ಯಾಕು ಮಾಡಿಕೊಳ್ಳುವ ಹಾಫ್‌ಸಿನ್ಸರನ ದಾರಿಗೆ ಮರಳಬೇಕೇ?

ಕೊನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ತುರ್ತಿನದು. ಎರಡೂಕಾಲು ಇಂಚಿನ, ನಮ್ಮ ಮನೆಗಳ ಬೆನ್ನುಚಿತ್ರವುಳ್ಳ, ಕರಾವಳಿಯ ಮಳೆಗಾಲ ತಡೆಯುವ ಲೇಪವಿರುವ ಒಳ್ಳೆಯ ಜಾದೂ ಪ್ಯಾಕನ್ನು ಇಲ್ಲಿಯೇ ಮಾಡಬಹುದೇ? ಮುದ್ರಣದಲ್ಲಿ ಮಣಿಪಾಲಕ್ಕೆ ದೀರ್ಘ ಪರಂಪರೆಯಿದೆ, ಚಿತ್ರಕ್ಕೆ ಗಂಜೀಫಾ ಇದೆ, ಎಲೆ ಬಲ್ಲ ಪ್ರೇಕ್ಷಕರಂತೂ ಇದ್ದೇ ಇದ್ದಾರೆ. ತೇವ ಹಿಡಿಯದ, ಆದರೂ ಒರಟು ಲೇಪವನ್ನು ಬಿಡದ ಕಾಗದ ಯಾವುದು ಎಂಬಲ್ಲಿಂದ ಆ ಕೆಲಸ ಶುರುವಾಗಬೇಕು.